ಬಟ್ಟೆಯ ನೋಟು, ಕಾಗದದ ಗೆಲುವು

1877ರ ಜೂನ್ ತಿಂಗಳಲ್ಲಿ ಜಪಾನಿನ ಕ್ಯೂಶು ದ್ವೀಪದ ಮಿಯಜಾಕಿ ಸೀಮೆಯ ಅಂಗಡಿಗಳಿಗೆ ಒಂದು ಹೊಸ ನೋಟು ಬಂತು. ಕಾಗದದ್ದಲ್ಲ, ಬಟ್ಟೆಯದು. ಸೊಳ್ಳೆಪರದೆಯಂಥ ತೆಳುಬಟ್ಟೆಯ ಎರಡು ತುಂಡುಗಳ ನಡುವೆ ಕಾಗದ ಇಟ್ಟು ಅಂಟಿಸಿ, ಮೇಲೆ ಮೊತ್ತ ಬರೆದು ಮುದ್ರೆ ಒತ್ತಿದ್ದರು. ಹತ್ತು ಯೆನ್ನಿನಿಂದ ಹಿಡಿದು ಹತ್ತು ಸೆನ್ನಿನವರೆಗೆ ಒಟ್ಟು ಆರು ಬಗೆ. ನಮ್ಮ ರೂಪಾಯಿಗೆ ನೂರು ಪೈಸೆ ಇದ್ದಂತೆ ಅವರ ಯೆನ್ನಿಗೆ ನೂರು ಸೆನ್. ಮೂರು ವರ್ಷ ಚಲಾವಣೆಯಲ್ಲಿರುತ್ತದೆ ಎಂಬ ಭರವಸೆಯೂ ಇತ್ತು.

ಆ ನೋಟನ್ನು ಅಚ್ಚು ಹಾಕಿದ್ದು ಸರ್ಕಾರವಲ್ಲ. ಸರ್ಕಾರದ ಮೇಲೆ ದಂಡೆತ್ತಿ ಹೋಗಿ, ಸೋಲುತ್ತ ಸೋಲುತ್ತ ಹಿಂದೆ ಸರಿದು ಬಂದಿದ್ದ ಸೈಗೊ ತಕಮೊರಿಯ ಸೈನ್ಯ. ಸಿಪಾಯಿಗೆ ಅಕ್ಕಿ ಬೇಕು, ಕಾಲಿಗೆ ಹುಲ್ಲಿನ ಚಪ್ಪಲಿ ಬೇಕು, ಹೇರು ಹೊರುವವನಿಗೆ ಕೂಲಿ ಬೇಕು. ಕೈಯಲ್ಲಿದ್ದ ದುಡ್ಡು ಮುಗಿದಿತ್ತು. ಬಟ್ಟೆಯ ನೋಟು ಹಿಡಿದು ಬಂದವನ ಸೊಂಟದಲ್ಲಿ ಕತ್ತಿ ಇರುವಾಗ ಯಾವ ಅಂಗಡಿಯವನು ತಾನೆ ‘ಇದು ನಡೆಯಲ್ಲ’ ಎಂದಾನು? ತೆಗೆದುಕೊಂಡ. ಒಟ್ಟು 1 ಲಕ್ಷ 40 ಸಾವಿರ ಯೆನ್ನಿಗೂ ಮಿಕ್ಕಿ ಇಂಥ ನೋಟು ಅಚ್ಚಾಯಿತು. ಸೆಪ್ಟೆಂಬರ್ 24ರಂದು ಕಾಗೊಶಿಮದ ಶಿರೊಯಾಮ ಗುಡ್ಡದಲ್ಲಿ ಸೈಗೊ ಸತ್ತ. ಅಂದಿಗೆ ಆ ನೋಟುಗಳೂ ಸತ್ತವು. ಸೈಗೊನ ನೋಟು ಎಂಬ ಅರ್ಥದಲ್ಲಿ ಜಪಾನೀಯರು ಅದನ್ನು ‘ಸೈಗೊ-ಸತ್ಸು’ ಎನ್ನುತ್ತಾರೆ. ಇವತ್ತು ಅದು ನಾಣ್ಯ ಸಂಗ್ರಹಕಾರರ ಆಸ್ತಿ.

ಸೈಗೊನ ಈ ಬಂಡಾಯದ, ಅಂದರೆ ಸತ್ಸುಮ ದಂಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕತ್ತಿಯ ಬಗ್ಗೆ ಬರೆಯುತ್ತಾರೆ. ಕೊನೆಯ ಸಮುರಾಯ್, ಮಾನ, ಮರಣ ಇತ್ಯಾದಿ. ಹಾಲಿವುಡ್‌ನವರು ಅದರ ನೆರಳಿನಲ್ಲೇ ಒಂದು ಸಿನಿಮಾ ಮಾಡಿ ದುಡ್ಡು ಮಾಡಿಕೊಂಡರು. ನನಗೆ ಆ ಯುದ್ಧದಲ್ಲಿ ಕುತೂಹಲ ಹುಟ್ಟಿಸುವುದು ಅದರ ಲೆಕ್ಕದ ಪುಸ್ತಕ. ಯಾಕೆಂದರೆ ಸೈಗೊನನ್ನು ಸೋಲಿಸಿದ ಸರ್ಕಾರ ಕೂಡ ಯುದ್ಧ ಮಾಡಿದ್ದು ಬಹುಪಾಲು ನೋಟು ಅಚ್ಚು ಹಾಕಿಯೇ. ಇವನದು ಬಟ್ಟೆ, ಅವರದು ಕಾಗದ. ಎರಡರ ಹಿಂದೆಯೂ ಅಷ್ಟು ಚಿನ್ನವಾಗಲಿ ಬೆಳ್ಳಿಯಾಗಲಿ ಇರಲಿಲ್ಲ.

ಈ ಸರ್ಕಾರಕ್ಕೆ ಅದು ಹುಟ್ಟಿನಿಂದಲೇ ಬಂದ ಚಾಳಿ. 1868ರ ಜನವರಿಯಲ್ಲಿ ಹಿಂದೆ ದೇಶ ಆಳುತ್ತಿದ್ದ ತೊಕುಗವ ಶೋಗುನನ ಪಡೆಯ ಮೇಲೆ ಯುದ್ಧ ಶುರುವಾದಾಗ ಚಕ್ರವರ್ತಿಯ ಹೆಸರಿನ ಹೊಸ ಸರ್ಕಾರಕ್ಕೆ ಬೊಕ್ಕಸ ಅಂತ ಒಂದು ಇರಲೇ ಇಲ್ಲ. ಫುಕುಯಿ ಸಂಸ್ಥಾನದ ಯುರಿ ಕಿಮಿಮಸ ಎಂಬ ಲೆಕ್ಕದ ಮನುಷ್ಯ ಎರಡು ದಾರಿ ಹೇಳಿದ. ಒಂದು, ಕ್ಯೋತೊ, ಒಸಾಕದ ಸಾಹುಕಾರರಿಂದ 30 ಲಕ್ಷ ರ್ಯೊ ಎತ್ತುವುದು. ರ್ಯೊ ಅಂದರೆ ಆಗಿನ ಚಿನ್ನದ ನಾಣ್ಯದ ಲೆಕ್ಕ, ನಮ್ಮ ವರಹ ಇದ್ದಂತೆ. ಮಿತ್ಸುಯಿ, ಓನೊ, ಶಿಮದ ಮನೆತನಗಳು ಮುಂದೆ ನಿಂತು ವಸೂಲಿ ಮಾಡಿಕೊಟ್ಟವು. ಇನ್ನೊಂದು, ಸರ್ಕಾರದ ಹೆಸರಲ್ಲಿ ಕಾಗದದ ನೋಟು ಬಿಡುವುದು. ಆ ನೋಟು 4 ಕೋಟಿ 80 ಲಕ್ಷ ರ್ಯೊ ತನಕ ಬಂತು. ಜನ ಅದನ್ನು ಮುಖಬೆಲೆಗೆ ಮುಟ್ಟಲಿಲ್ಲ, ಕಡಿಮೆ ಬೆಲೆಗೇ ಕೈ ಬದಲಾಯಿತು. ಆದರೆ ಯುದ್ಧ ಗೆದ್ದರು. ಗೆದ್ದದ್ದರಿಂದ ಆ ನೋಟು ಉಳಿಯಿತು, ಮುಂದೆ ಹೊಸ ನೋಟಿಗೆ ಬದಲಾಯಿತು. ಆ ಸೈನ್ಯದ ಮುಂಚೂಣಿಯಲ್ಲಿದ್ದವನು ಇದೇ ಸೈಗೊ. ಕಾಗದದ ದುಡ್ಡಿನಲ್ಲಿ ಯುದ್ಧ ಗೆಲ್ಲಬಹುದು ಎಂಬುದನ್ನು ಅವನು ಬಟ್ಟೆ ನೋಟಿನ ಹೊತ್ತಿಗೆ ಮೊದಲ ಸಲ ಕಲಿತದ್ದೇನಲ್ಲ.

ಗೆದ್ದ ಮೇಲೆ ಇನ್ನೊಂದು ದೊಡ್ಡ ಖರ್ಚು ಸರ್ಕಾರದ ಕೊರಳಿಗೆ ಬಿತ್ತು. ಹಳೆಯ ಸಂಸ್ಥಾನಗಳನ್ನು 1871ರಲ್ಲಿ ರದ್ದು ಮಾಡಿದಾಗ, ಆ ಸಂಸ್ಥಾನಗಳು ಸಮುರಾಯ್‌ಗಳಿಗೆ ವಂಶಪಾರಂಪರ್ಯವಾಗಿ ಅಳೆದು ಕೊಡುತ್ತಿದ್ದ ಅಕ್ಕಿಯ ಹೊಣೆಯೂ ಕೇಂದ್ರಕ್ಕೆ ಬಂತು. ನಮ್ಮಲ್ಲಿ ಉಂಬಳಿ, ಜಹಗೀರು ಇದ್ದಂತೆ. ಅಜ್ಜ ಕಾದಾಡಿದ, ಮೊಮ್ಮಗ ಉಣ್ಣುತ್ತಾನೆ. ಸರ್ಕಾರದ ಖರ್ಚಿನ ಸುಮಾರು ಮೂರನೇ ಒಂದು ಪಾಲು ಇದಕ್ಕೇ ಹೋಗುತ್ತಿತ್ತು. ಅತ್ತ 1873ರ ಜನವರಿಯಲ್ಲಿ ಕಡ್ಡಾಯ ಸೈನ್ಯ ಸೇರ್ಪಡೆಯ ಕಾನೂನು ಬಂತು. ಇಪ್ಪತ್ತು ವರ್ಷ ತುಂಬಿದ ಹುಡುಗ, ಯಾವ ಜಾತಿಯವನೇ ಆಗಲಿ, ಮೂರು ವರ್ಷ ಬಂದೂಕು ಹೊರಬೇಕು. 270 ಯೆನ್ ಕಟ್ಟಿದರೆ ಬಿಡುಗಡೆ. ರೈತನೊಬ್ಬ ಕನಸಲ್ಲೂ ಕಾಣದ ಮೊತ್ತ ಅದು. ಸರ್ಕಾರಿ ಪ್ರಕಟಣೆಯಲ್ಲಿ ಈ ಸೇವೆಯನ್ನು ‘ರಕ್ತ ತೆರಿಗೆ’ ಎಂದು ಕರೆದಿದ್ದರು. ಹಳ್ಳಿಯ ಜನ ನಿಜವಾಗಿಯೂ ಮಕ್ಕಳ ರಕ್ತ ಹಿಂಡುತ್ತಾರೆ ಎಂದು ಹೆದರಿ ಹಲವು ಕಡೆ ದಂಗೆ ಎದ್ದರು. ಸರ್ಕಾರಿ ಭಾಷೆ ಬರೆಯುವವರು ಅಂದೂ ಹೀಗೇ ಇದ್ದರು.

ಈಗ ನೋಡಿ: ಕಾದಾಡಲು ರೈತರ ಮಕ್ಕಳ ಸೈನ್ಯ ಇದೆ. ಕಾದಾಡದ ಸಮುರಾಯ್‌ಗಳಿಗೂ ಸಂಬಳ ಹೋಗುತ್ತಿದೆ. ಒಂದೇ ಕೆಲಸಕ್ಕೆ ಎರಡು ಸಂಬಳ. 1876ರ ಆಗಸ್ಟ್‌ನಲ್ಲಿ ಸರ್ಕಾರ ಆ ಹಳೆಯ ಅಕ್ಕಿ ಸಂಬಳಗಳನ್ನು ಒಂದೇ ಏಟಿಗೆ ನಿಲ್ಲಿಸಿತು. ನಗದು ಕೊಡಲಿಲ್ಲ, ಬಡ್ಡಿ ಬರುವ ಸಾಲಪತ್ರ ಕೊಟ್ಟಿತು. ಒಟ್ಟು ಮೊತ್ತ ಸುಮಾರು 17 ಕೋಟಿ 40 ಲಕ್ಷ ಯೆನ್, ಪಡೆದ ಕುಟುಂಬಗಳು ಮೂರು ಲಕ್ಷಕ್ಕೂ ಹೆಚ್ಚು. ನಮ್ಮಲ್ಲಿ 1971ರಲ್ಲಿ ರಾಜಧನ ರದ್ದಾದಾಗ ಅರಮನೆಗಳಲ್ಲಿ ಎಷ್ಟು ನಿಟ್ಟುಸಿರು ಬಂತೆಂದು ನೆನಪಿಸಿಕೊಳ್ಳಿ. ಜಪಾನಿನಲ್ಲಿ ಅದು ಮೂರು ಲಕ್ಷ ಮನೆಗಳ ಅಡುಗೆಮನೆಗೆ ತಟ್ಟಿತ್ತು. ಚಿಕ್ಕ ಸಮುರಾಯ್‌ಗೆ ಸಿಕ್ಕ ಪತ್ರದ ಬಡ್ಡಿ ಅವನ ಮನೆಯ ಉಪ್ಪಿಗೂ ಸಾಲದು. ಐದಾರು ತಿಂಗಳಲ್ಲಿ ಸೈಗೊನ ಸೀಮೆಯಾದ ಸತ್ಸುಮ ಹೊತ್ತಿಕೊಂಡಿತು.

ಸೈಗೊ ಹಿಂದೆ ಇದೇ ಸರ್ಕಾರದ ಚಕ್ರವರ್ತಿ ರಕ್ಷಕ ದಳದ ಮುಖ್ಯಸ್ಥನಾಗಿದ್ದವನು. 1872ರಲ್ಲಿ ಆ ಹುದ್ದೆ ಸೈನ್ಯ ಇಲಾಖೆಯ ಯಮಗತ ಅರಿತೊಮೊನಿಂದ ಅವನಿಗೆ ಬಂದಿತ್ತು. ಆ ವರ್ಷದ ಒಂದು ಹಗರಣವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಯಮಗತನ ಜೊತೆ ಹಿಂದೆ ಒಂದೇ ಪಡೆಯಲ್ಲಿದ್ದ ಯಮಶಿರೊಯ ವಸುಕೆ ಎಂಬವನು ಯೊಕೊಹಾಮದಲ್ಲಿ ವ್ಯಾಪಾರಿಯಾಗಿ, ಸೈನ್ಯಕ್ಕೆ ಸಾಮಾನು ಪೂರೈಸುವ ಗುತ್ತಿಗೆ ಹಿಡಿದಿದ್ದ. ಹಳೆಯ ಸ್ನೇಹದ ಸಲುಗೆಯಲ್ಲಿ ಸೈನ್ಯ ಇಲಾಖೆಯ ಸುಮಾರು 6 ಲಕ್ಷ 50 ಸಾವಿರ ಯೆನ್ ಸಾಲವಾಗಿ ಪಡೆದು ರೇಷ್ಮೆ ವ್ಯಾಪಾರಕ್ಕೆ ಹೂಡಿದ. ಯುರೋಪಿನಲ್ಲಿ ರೇಷ್ಮೆ ಬೆಲೆ ಬಿತ್ತು. ಅವನೇ ಪ್ಯಾರಿಸಿಗೆ ಹೋಗಿ ಕೈಬಿಚ್ಚಿ ಖರ್ಚು ಮಾಡುತ್ತ ಕುಳಿತ. ವಾಪಸು ಕರೆಸಿದಾಗ ಲೆಕ್ಕದ ಕಾಗದಗಳನ್ನು ಸುಟ್ಟು, ಸೈನ್ಯ ಇಲಾಖೆಯ ಕಟ್ಟಡಕ್ಕೇ ಹೋಗಿ ಹೊಟ್ಟೆ ಬಗೆದುಕೊಂಡ. ಸಿಪಾಯಿಯ ಊಟ ಬಟ್ಟೆಯ ದುಡ್ಡು ರೇಷ್ಮೆಯ ಜೂಜಿಗೆ ಹೋದ ಕತೆ ಇದು. ದಾಖಲೆಗಳು ಇರಲಿಲ್ಲವಾದ್ದರಿಂದ ಯಾರು ಯಾರ ಜೇಬಿಗೆ ಎಷ್ಟು ಹೋಯಿತೆಂಬುದು ಹೊರಬರಲಿಲ್ಲ. ಯಮಗತ ಮುಂದೆ ಎರಡು ಸಲ ಪ್ರಧಾನಿಯಾದ.

1877ಕ್ಕೆ ಬರೋಣ. ಫೆಬ್ರವರಿಯ ಹಿಮದಲ್ಲಿ ಸುಮಾರು 13 ಸಾವಿರ ಜನ ಕಾಗೊಶಿಮದಿಂದ ಹೊರಟರು. ಸರ್ಕಾರವನ್ನು ಒಂದು ಪ್ರಶ್ನೆ ಕೇಳಬೇಕಿದೆ, ಅದಕ್ಕೆ ಟೋಕಿಯೊಗೆ ಹೋಗುತ್ತಿದ್ದೇವೆ ಎಂದರು. ದಾರಿಯಲ್ಲಿ ಕುಮಮೊಟೊ ಕೋಟೆ. ಅದನ್ನು ಹಾದು ಹೋಗಬಹುದಿತ್ತು. ಹೋಗಲಿಲ್ಲ, ಮುತ್ತಿಗೆ ಹಾಕಿ ಕುಳಿತರು. ಒಳಗೆ ತನಿ ತಟೆಕಿಯ ಕೈಕೆಳಗೆ ಮೂರು ಸಾವಿರ ಚಿಲ್ಲರೆ ರೈತ ಸಿಪಾಯಿಗಳು. ಮುತ್ತಿಗೆಗೆ ಮೊದಲೇ ಕೋಟೆಯಲ್ಲಿ ಬೆಂಕಿ ಬಿದ್ದು ಗೋಪುರದ ಜೊತೆಗೆ ಕೂಡಿಟ್ಟ ಅಕ್ಕಿಯೂ ಸುಟ್ಟುಹೋಗಿತ್ತು. ಅವಸರದಲ್ಲಿ ಊರಿನಿಂದ ಅಕ್ಕಿ ಕೂಡಿಸಿ ಒಳಗೆ ಹಾಕಿಕೊಂಡು, ಏಪ್ರಿಲ್ ಮಧ್ಯದವರೆಗೂ ಅಳೆದು ಅಳೆದು ಉಂಡು ಕೋಟೆ ಉಳಿಸಿಕೊಂಡರು.

ಬಿಡಿಸಲು ಬಂದ ಸೈನ್ಯ ತಬರುಜಾಕ ಎಂಬ ಇಳಿಜಾರಿನಲ್ಲಿ ಮಾರ್ಚ್ 4ರಿಂದ 20ರವರೆಗೆ ಕಚ್ಚಾಡಿತು. ಸರ್ಕಾರದ ಕಡೆಯಿಂದ ದಿನಕ್ಕೆ ಸರಾಸರಿ ಮೂರು ಲಕ್ಷಕ್ಕೂ ಹೆಚ್ಚು ಗುಂಡು ಹಾರಿದವು ಎನ್ನುತ್ತಾರೆ. ಎದುರು ಬದುರಿನಿಂದ ಬಂದ ಗುಂಡುಗಳು ಗಾಳಿಯಲ್ಲೇ ಡಿಕ್ಕಿ ಹೊಡೆದು ಒಂದಕ್ಕೊಂದು ಬೆಸೆದು ಬಿದ್ದವಂತೆ. ಅಂಥವನ್ನು ಅಲ್ಲಿ ಕಾಪಾಡಿಯೂ ಇಟ್ಟಿದ್ದಾರೆ. ಆ ಬೆಸುಗೆಗಿಂತ ನನಗೆ ಬೆರಗಾಗುವುದು ಅಷ್ಟು ಗುಂಡು ಪ್ರತಿದಿನ ಅಲ್ಲಿಗೆ ಹೇಗೆ ಬಂತು ಎನ್ನುವುದು. ಕೊಂಡದ್ದು, ಒಸಾಕದ ಕಾರ್ಖಾನೆಯಲ್ಲಿ ಮಾಡಿದ್ದು, ಹಡಗಿನಲ್ಲಿ ತಂದದ್ದು, ಕೊನೆಯ ಹಲವು ಹರಿದಾರಿ ಕೂಲಿಯವನ ಹೆಗಲ ಮೇಲೆ ಬಂದದ್ದು. ಪ್ರತಿ ಹಂತದಲ್ಲೂ ಯಾರೋ ಒಬ್ಬ ಕೈ ಚಾಚಿ ನಿಂತಿದ್ದಾನೆ. ಸೈಗೊನ ಕಡೆ ಬಿದ್ದ ಗುಂಡು ಆರಿಸಿ, ಸೀಸ ಕರಗಿಸಿ ಮತ್ತೆ ಗುಂಡು ಮಾಡುತ್ತಿದ್ದರು.

ಹಡಗು ಇವಸಕಿ ಯತರೊ ಎಂಬ ಸಾಹಸಿಯದು, ಅವನ ಕಂಪನಿಯ ಹೆಸರು ಮಿತ್ಸುಬಿಶಿ. 1875ರಲ್ಲೇ ಸರ್ಕಾರ ಅವನಿಗೆ ಮೂವತ್ತು ಚಿಲ್ಲರೆ ಹಡಗುಗಳನ್ನು ಪುಕ್ಕಟೆಯಾಗಿ ಕೊಟ್ಟು, ವರ್ಷಕ್ಕೆ 2 ಲಕ್ಷ 50 ಸಾವಿರ ಯೆನ್ ಸಹಾಯಧನ ಬೇರೆ ಗೊತ್ತು ಮಾಡಿತ್ತು. ಷರತ್ತು ಒಂದೇ: ಕರೆದಾಗ ಹಡಗು ಕೊಡಬೇಕು. ಕರೆದರು, ಕೊಟ್ಟ, ಬಾಡಿಗೆಯನ್ನೂ ಪಡೆದ. ಇವತ್ತು ನಮ್ಮ ರಸ್ತೆಗಳಲ್ಲಿ ಆ ಮೂರು ವಜ್ರದ ಗುರುತು ಹೊತ್ತ ಗಾಡಿ ಕಂಡರೆ ಅದರ ಬೇರಿನಲ್ಲಿ ಸಿಪಾಯಿ ಸಾಗಿಸಿದ ಬಾಡಿಗೆಯೂ ಇದೆ ಎಂದು ನೆನೆಯಬಹುದು.

ಒಟ್ಟು ಖರ್ಚು 4 ಕೋಟಿ 15 ಲಕ್ಷ ಯೆನ್ ದಾಟಿತು. ಆ ವರ್ಷ ಸರ್ಕಾರದ ಇಡೀ ಆದಾಯ ಸುಮಾರು 5 ಕೋಟಿ 20 ಲಕ್ಷ. ದೇಶದ ಎಲ್ಲ ರೈತರು ಕಟ್ಟಿದ ಭೂಕಂದಾಯವನ್ನು ಪೂರ್ತಿ ಸುರಿದರೂ ಈ ಯುದ್ಧದ ಗುಂಡಿ ತುಂಬುತ್ತಿರಲಿಲ್ಲ. ಕಂದಾಯ ಏರಿಸುವಂತೆಯೂ ಇರಲಿಲ್ಲ. ಯುದ್ಧಕ್ಕೆ ಸ್ವಲ್ಪ ಮುಂಚೆ ಇಸೆ, ಇಬರಾಕಿ ಕಡೆಯ ರೈತರು ಬಿದಿರಿನ ಭರ್ಜಿ ಹಿಡಿದು ಎದ್ದಿದ್ದರು. ಅವರನ್ನು ಸಮಾಧಾನ ಮಾಡಲು 1877ರ ಜನವರಿಯಲ್ಲಷ್ಟೇ ಕಂದಾಯವನ್ನು ಭೂಮಿಯ ಬೆಲೆಯ ಶೇ 3ರಿಂದ ಶೇ 2.5ಕ್ಕೆ ಇಳಿಸಿದ್ದರು. ಒಂದೇ ಕಾಲಕ್ಕೆ ರೈತರನ್ನೂ ಸಮುರಾಯ್‌ಗಳನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಯಾವ ಸರ್ಕಾರಕ್ಕೂ ಇರುವುದಿಲ್ಲ.

ಹಣಕಾಸು ಮಂತ್ರಿ ಓಕುಮ ಶಿಗೆನೊಬು ಹೂಡಿದ ಆಟ ಹೀಗಿತ್ತು. 2 ಕೋಟಿ 70 ಲಕ್ಷ ಯೆನ್ನಿಗೆ ಹೊಸ ನೋಟು. ಉಳಿದ 1 ಕೋಟಿ 50 ಲಕ್ಷ, ಆ ಮೇ ತಿಂಗಳಲ್ಲಷ್ಟೇ ಬಾಗಿಲು ತೆರೆದಿದ್ದ ‘ಹದಿನೈದನೇ ರಾಷ್ಟ್ರೀಯ ಬ್ಯಾಂಕಿ’ನಿಂದ ಸಾಲ. ಈ ಬ್ಯಾಂಕಿನ ಬಂಡವಾಳ ಎಲ್ಲಿಯದು ಗೊತ್ತೇ? ಹಳೆಯ ಸಂಸ್ಥಾನಗಳ ದೊರೆಗಳು, ಆಸ್ಥಾನದ ಶ್ರೀಮಂತರು ಹಿಂದಿನ ವರ್ಷ ಸಂಬಳ ಕಳೆದುಕೊಂಡದ್ದಕ್ಕೆ ಪಡೆದ ಅದೇ ಸಾಲಪತ್ರಗಳು. ಇವಕುರ ತೊಮೊಮಿ ಎಂಬ ಹಿರಿಯ ಮುತ್ಸದ್ದಿ ಅವರನ್ನೆಲ್ಲ ಒಟ್ಟುಗೂಡಿಸಿ, ಪತ್ರಗಳನ್ನು ಒತ್ತೆಯಿಟ್ಟು ನೋಟು ಬಿಡುವ ಬ್ಯಾಂಕು ಮಾಡಿಸಿದ್ದ. ಅಂದರೆ ಸರ್ಕಾರ ತಾನೇ ಬರೆದುಕೊಟ್ಟ ಸಾಲಪತ್ರದ ಬಲದ ಮೇಲೆ ಹುಟ್ಟಿದ ನೋಟನ್ನು ಸರ್ಕಾರವೇ ಸಾಲವಾಗಿ ಪಡೆಯಿತು. ಸಂಬಳ ಹೋಯಿತೆಂದು ಸಿಡಿದೆದ್ದ ಚಿಕ್ಕ ಸಮುರಾಯ್‌ಗಳನ್ನು, ಅದೇ ಸಂಬಳದ ಬದಲು ಬಂದ ಅವರ ದೊರೆಗಳ ಪತ್ರಗಳಿಂದ ಹೊಡೆಯಿತು. ಹದಿಹರೆಯದಲ್ಲಿ ಲೆಕ್ಕ ಕಲಿಸಿದ ಮೇಷ್ಟ್ರು ಇದನ್ನು ಕೇಳಿದ್ದರೆ ‘ಹಾವಿನ ಬಾಲ ಹಾವಿನ ಬಾಯಲ್ಲೇ ಇದೆಯಲ್ಲೋ’ ಎನ್ನುತ್ತಿದ್ದರು.

ವಿದೇಶಿ ಸಾಲ ಯಾಕೆ ಮಾಡಲಿಲ್ಲ? ಮಾಡಿ ಅಭ್ಯಾಸ ಇತ್ತು. 1873ರಲ್ಲಿ ಸಮುರಾಯ್ ಸಂಬಳ ತೀರಿಸಲೆಂದೇ ಲಂಡನ್ನಿನಲ್ಲಿ ಶೇ 7ರ ಬಡ್ಡಿಗೆ 24 ಲಕ್ಷ ಪೌಂಡ್ ಎತ್ತಿದ್ದರು. ಆದರೆ 1876ರಲ್ಲಿ ಈಜಿಪ್ಟ್ ಸಾಲ ಕಟ್ಟಲಾರದೆ ಬಿದ್ದು, ಬ್ರಿಟನ್, ಫ್ರಾನ್ಸಿನ ಅಧಿಕಾರಿಗಳು ಅಲ್ಲಿನ ಬೊಕ್ಕಸದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡದ್ದನ್ನು ಟೋಕಿಯೊ ನೋಡಿತ್ತು. 1879ರಲ್ಲಿ ಪ್ರವಾಸ ಬಂದ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಕೂಡ ಚಕ್ರವರ್ತಿಗೆ ಹೊರಗಿನವರ ಸಾಲದ ಉಸಾಬರಿ ಬೇಡ ಎಂದು ಬುದ್ಧಿ ಹೇಳಿದ. ಮರುವರ್ಷ ಓಕುಮ 5 ಕೋಟಿ ಯೆನ್ ವಿದೇಶಿ ಸಾಲ ಕೇಳೋಣ ಎಂದಾಗ ಚಕ್ರವರ್ತಿಯೇ ಬೇಡವೆಂದ.

ಹೊರಗಿನವರ ಸಾಲ ಹಾಗಿರಲಿ, ಅವರ ಸೈನ್ಯಕ್ಕೆ ಸಂಬಳ ಕಟ್ಟುವ ಪಾಡು ಹೇಗಿರುತ್ತದೆಂದು ನಮ್ಮನ್ನು ಕೇಳಿದ್ದರೆ ನಾವೂ ಹೇಳುತ್ತಿದ್ದೆವು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಅರಸರು ಕಂಪನಿಯ ಪಡೆಗಾಗಿ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24 ಲಕ್ಷ 50 ಸಾವಿರ ರೂಪಾಯಿ ಕಟ್ಟಬೇಕೆಂದು ಬ್ರಿಟಿಷರು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬರೆಸಿಕೊಂಡರು. ಆ ಪಡೆಗೆ ಅಪ್ಪಣೆ ಕೊಡುವವರು ಮೈಸೂರಿನವರಲ್ಲ. ಮಳೆ ಬರಲಿ ಬಿಡಲಿ, ಕಂತು ನಿಲ್ಲುವಂತಿಲ್ಲ. ಸೈಗೊ ಸತ್ತ ಅದೇ 1877, ನಮ್ಮಲ್ಲಿ ಧಾತು-ಈಶ್ವರ ಸಂವತ್ಸರಗಳ ಬರದ ವರ್ಷ. ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅದಾಗಿ ನಾಲ್ಕು ವರ್ಷಕ್ಕೆ ಒಡೆಯರಿಗೆ ರಾಜ್ಯ ವಾಪಸು ಕೊಡುವಾಗ ಬ್ರಿಟಿಷರು ಈ ಸೈನ್ಯದ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಿ ಬರೆದರು. ಬರದ ಸಾಲ ಇದೆಯೆಂದು ಹೆಚ್ಚುವರಿ ಹಣದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದ್ದೇ ದೊಡ್ಡ ಕರುಣೆ.

ಯುದ್ಧ ಮುಗಿಯಿತು. ಕೋರ್ಟು ಹತ್ತಿದವರ ಬಗ್ಗೆ ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಹಾಗಾಯಿತು. ಸತ್ತವನ ಲೆಕ್ಕ ಮುಗಿದಿತ್ತು. ಗೆದ್ದವರ ಲೆಕ್ಕ ಈಗ ಶುರುವಾಯಿತು. ಖಾಲಿ ಬೊಕ್ಕಸ ಮುಂದಿಟ್ಟುಕೊಂಡ ಸರ್ಕಾರಕ್ಕೆ ಉಳಿತಾಯದ ಮೊದಲ ಜಾಗವಾಗಿ ಕಂಡದ್ದು ಸಿಪಾಯಿಯ ಸಂಬಳ. ಮೇಲಧಿಕಾರಿಗಳಿಗೆ ಪದಕ, ಮಾಸಾಶನ ಸಿಕ್ಕವು. ಸಿಪಾಯಿಗೆ ಇನಾಮಿಲ್ಲ, ಇದ್ದ ಸಂಬಳದಲ್ಲೇ ಕಡಿತ, ಕೊಡುತ್ತಿದ್ದ ಬಟ್ಟೆಬರೆಯಲ್ಲೂ ಕಡಿತ.

1878ರ ಆಗಸ್ಟ್ 23ರ ರಾತ್ರಿ ಟೋಕಿಯೊದಲ್ಲಿ, ಅರಮನೆಯ ಕಂದಕದ ಪಕ್ಕದ ತಕೆಬಶಿ ಎಂಬಲ್ಲಿದ್ದ ಚಕ್ರವರ್ತಿ ರಕ್ಷಕ ದಳದ ಫಿರಂಗಿ ಪಡೆ ಎದ್ದಿತು. ತಕೆಬಶಿ ಎಂದರೆ ಬಿದಿರು ಸೇತುವೆ. ಸುಮಾರು 260 ಜನ, ಬಹುಪಾಲು ರೈತರ ಮಕ್ಕಳು, ಸತ್ಸುಮದಲ್ಲಿ ಫಿರಂಗಿ ಹಾರಿಸಿ ಬಂದವರು. ತಡೆಯಲು ಬಂದ ತಮ್ಮ ಮೇಜರ್ ಉತ್ಸುನೊಮಿಯನನ್ನು ಕೊಂದರು. ಆಮೇಲೆ ಅವರ ಬಂದೂಕು ಯಾರ ಮನೆಯ ಕಡೆ ತಿರುಗಿತು ನೋಡಿ: ಸೈನ್ಯ ಮಂತ್ರಿಯದಲ್ಲ, ಹಣಕಾಸು ಮಂತ್ರಿ ಓಕುಮನದು. ಲೆಕ್ಕ ಎಲ್ಲಿ ತಪ್ಪಿದೆ ಎಂಬುದು ಓದು ಬರಹ ಬಾರದ ಸಿಪಾಯಿಗೂ ಗೊತ್ತಿತ್ತು. ಅಲ್ಲಿಂದ ಚಕ್ರವರ್ತಿಗೇ ಅಹವಾಲು ಹೇಳುತ್ತೇವೆಂದು ಅಕಸಕದ ತಾತ್ಕಾಲಿಕ ಅರಮನೆಯತ್ತ ನಡೆದರು. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ಅಕ್ಟೋಬರ್ 15ರಂದು ಒಂದೇ ದಿನ 53 ಜನರನ್ನು ಗುಂಡಿಟ್ಟು ಕೊಂದರು.

ಸರ್ಕಾರ ಇದರಿಂದ ಕಲಿತ ಪಾಠ ಸಂಬಳದ್ದಲ್ಲ, ವಿಧೇಯತೆಯದು. ಅದೇ ತಿಂಗಳು ಯಮಗತ ಸೈನಿಕರಿಗೆ ನಿಷ್ಠೆ, ಶೌರ್ಯ, ವಿಧೇಯತೆ ಬೋಧಿಸುವ ಕೈಪಿಡಿ ಹೊರಡಿಸಿದ. 1881ರಲ್ಲಿ ಕೆಂಪೆಯ್‌ತಾಯ್ ಎಂಬ ಸೈನ್ಯ ಪೊಲೀಸ್ ಹುಟ್ಟಿತು. 1882ರಲ್ಲಿ ಚಕ್ರವರ್ತಿಯ ಹೆಸರಿನಲ್ಲೇ ಸೈನಿಕರಿಗೆ ಉಪದೇಶ ಬಂತು. ಎರಡನೇ ಮಹಾಯುದ್ಧದವರೆಗೂ ಜಪಾನಿನ ಸಿಪಾಯಿಗಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಆ ಮಹಾಭಕ್ತಿಯ ಬುಡ ಕೆದಕಿದರೆ ಕೊಡದೆ ಉಳಿಸಿಕೊಂಡ ಒಂದಿಷ್ಟು ಸಂಬಳ ಸಿಗುತ್ತದೆ ಎಂದರೆ ಜಪಾನಿ ಇತಿಹಾಸಕಾರರು ನನ್ನನ್ನು ಬೈಯಬಹುದು. ಪೂರ್ತಿ ತಪ್ಪೆಂದು ಮಾತ್ರ ಹೇಳಲಾರರು.

ಇತ್ತ ಅಚ್ಚು ಹಾಕಿದ ನೋಟು ತನ್ನ ಕೆಲಸ ಶುರು ಮಾಡಿತ್ತು. ಸರ್ಕಾರದ ನೋಟು ಸಾಲದೆಂದು 1879ರ ಹೊತ್ತಿಗೆ 153 ರಾಷ್ಟ್ರೀಯ ಬ್ಯಾಂಕುಗಳೂ ತಮ್ಮ ತಮ್ಮ ನೋಟು ಬಿಟ್ಟವು. ಒಂದು ಕೊಕು ಅಕ್ಕಿ, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಕ್ವಿಂಟಲ್, 1877ರಲ್ಲಿ 5 ಯೆನ್ ಚಿಲ್ಲರೆ ಇದ್ದದ್ದು ನಾಲ್ಕೇ ವರ್ಷದಲ್ಲಿ 10 ಯೆನ್ ದಾಟಿತು. ಒಂದು ಬೆಳ್ಳಿ ಯೆನ್ನಿಗೆ ಒಂದು ಯೆನ್ 70 ಸೆನ್ ಕಾಗದ ಕೊಡಬೇಕಾಯಿತು. ತಮಾಷೆಯೆಂದರೆ ರೈತರಿಗೆ ಇದು ಹಬ್ಬ. ಕಂದಾಯ ನಗದಿನಲ್ಲಿ ಗೊತ್ತಾಗಿತ್ತು, ಅಕ್ಕಿಯ ಬೆಲೆ ಮಾತ್ರ ಇಮ್ಮಡಿ. ಮನೆಗೆ ಹೊಸ ಚಾವಣಿ, ಮಗಳ ಮದುವೆ, ಸಾಲ ಮಾಡಿ ಇನ್ನಷ್ಟು ಹಿಪ್ಪುನೇರಳೆ ತೋಟ.

ಹಬ್ಬ ಮುಗಿಸಿದವನು ಮತ್ಸುಕತ ಮಸಯೊಶಿ. 1881ರ ಅಕ್ಟೋಬರ್‌ನಲ್ಲಿ ಹಣಕಾಸು ಮಂತ್ರಿಯಾದ. ಊರು? ಸತ್ಸುಮ, ಸೈಗೊನದೇ ಕಾಗೊಶಿಮ. ನೋಟುಗಳನ್ನು ಹಿಂದಕ್ಕೆ ಎಳೆದು ಸುಟ್ಟ. ಸಾಕೆ ಎಂಬ ಅಕ್ಕಿ ಮದ್ಯದ, ಹೊಗೆಸೊಪ್ಪಿನ ತೆರಿಗೆ ಏರಿಸಿದ. 1882ರಲ್ಲಿ ಬ್ಯಾಂಕ್ ಆಫ್ ಜಪಾನ್ ತೆರೆದ. 1885ರಿಂದ ಅದರ ನೋಟು ಕೊಟ್ಟರೆ ಬೆಳ್ಳಿ ಸಿಗುವಂತಾಯಿತು. ಅರ್ಥಶಾಸ್ತ್ರದ ಪುಸ್ತಕಗಳು ಅವನನ್ನು ಹೊಗಳಿ ಸಾಕಾಗಿಲ್ಲ. ಆದರೆ ಅಕ್ಕಿಯ ಬೆಲೆ ಅರ್ಧಕ್ಕೆ ಕುಸಿಯಿತು, ರೇಷ್ಮೆಯೂ ಬಿತ್ತು. ಬೆಲೆ ಏರಿದ್ದಾಗ ಮಾಡಿದ ಸಾಲ ಮಾತ್ರ ಮುಖಬೆಲೆಯಲ್ಲೇ ನಿಂತಿತು. ಟೋಕಿಯೊ ಹತ್ತಿರದ ಚಿಚಿಬು ಬೆಟ್ಟದ ರೇಷ್ಮೆ ರೈತರು 1884ರ ಅಕ್ಟೋಬರ್ ಕೊನೆಗೆ ಸಾಲ ಕೊಟ್ಟ ಲೇವಾದೇವಿಗಾರರ ಮನೆಗಳಿಗೆ ನುಗ್ಗಿ ಸಾಲದ ಕಾಗದಗಳನ್ನು ಸುಟ್ಟರು. ಅವರನ್ನು ಅಡಗಿಸಲು ಸರ್ಕಾರ ಕಳಿಸಿದ್ದು ಸೈನ್ಯವನ್ನು. ಏಳು ವರ್ಷದ ಹಿಂದೆ ತಬರುಜಾಕದಲ್ಲಿ ಹಾರಿದ ಗುಂಡಿನ ಬಿಲ್ಲು ಹೀಗೆ ಸುತ್ತಿ ಬಳಸಿ ಬಂದು ರೇಷ್ಮೆ ಹುಳು ಸಾಕುವವನ ಜಗುಲಿ ಮುಟ್ಟಿತು.

ಸೈಗೊನ ಮೇಲಿನ ಸಿಟ್ಟನ್ನು ಸರ್ಕಾರ ಬಹಳ ಕಾಲ ಇಟ್ಟುಕೊಳ್ಳಲಿಲ್ಲ. 1889ರ ಫೆಬ್ರವರಿಯಲ್ಲಿ ಹೊಸ ಸಂವಿಧಾನ ಘೋಷಣೆಯಾದ ದಿನ ಅವನಿಗೆ ಮರಣೋತ್ತರ ಕ್ಷಮಾದಾನ ಕೊಟ್ಟು ಪದವಿಯನ್ನೂ ಹಿಂತಿರುಗಿಸಿತು. 1898ರ ಡಿಸೆಂಬರ್‌ನಲ್ಲಿ ಟೋಕಿಯೊದ ಉಎನೊ ಉದ್ಯಾನದಲ್ಲಿ ಅವನ ಕಂಚಿನ ಪ್ರತಿಮೆ ನಿಂತಿತು. ಸೈನ್ಯದ ಉಡುಪಿಲ್ಲ, ಮನೆಯಲ್ಲಿ ಉಡುವ ಸಾದಾ ಕಿಮೊನೊ, ಪಕ್ಕದಲ್ಲಿ ಬೇಟೆ ನಾಯಿ. ನಮ್ಮ ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನ್ ನೋಡಿ ಬಂದದ್ದು ಅದೇ ವರ್ಷ. ಅವರು ಬೆರಗಾಗಿ ನೋಡಿದ ಕಾರ್ಖಾನೆ, ಬ್ಯಾಂಕು, ಶಾಲೆಗಳ ದೇಶ ಈ ಸಾಲ ಸೋಲಗಳನ್ನೆಲ್ಲ ದಾಟಿ ಬಂದದ್ದು. ಮಿಯಜಾಕಿಯ ಅಂಗಡಿಯವರು ಮಾತ್ರ ತಮ್ಮ ಪೆಟ್ಟಿಗೆಯಲ್ಲಿದ್ದ ಬಟ್ಟೆಯ ನೋಟುಗಳಿಗೆ ಸರ್ಕಾರ ಏನಾದರೂ ಕೊಡಲಿ ಎಂದು ಬೇಡಿದ್ದರು. ಬಂಡಾಯಗಾರರ ನೋಟಿಗೆ ಬೆಲೆ ಕಟ್ಟಲಾಗದು ಎಂಬ ಉತ್ತರ ಬಂತು. ಸೈಗೊನಿಗೆ ಕ್ಷಮೆ ಸಿಕ್ಕ ಮೇಲೂ ಆ ಉತ್ತರ ಬದಲಾಗಲಿಲ್ಲ.